ಪಿನ್‌ಅಪ್ ಚಿತ್ರಗಳಲ್ಲಿ ಕನ್ನಡಿ: ಪದೇ ಪದೇ ಕೇಳುವ ಪ್ರಶ್ನೆಗಳು

ಪಿನ್‌ಅಪ್ ಬಗ್ಗೆ ಮಾತು ಶುರುವಾದರೆ ಸಾಕು, ಸ್ವಲ್ಪ ಹೊತ್ತಿಗೆ ಕನ್ನಡಿ ಬಂದೇ ಬರುತ್ತದೆ. ಚಿತ್ರ ಬಿಡಿಸಲು ಕಲಿಯುವವರು, ಹಳೆ ಕ್ಯಾಲೆಂಡರ್ ಕೂಡಿಡುವವರು, ಫೋಟೋ ತೆಗೆಯುವವರು, ಸುಮ್ನೆ ಕುತೂಹಲಕ್ಕೆ ಕೇಳುವವರು, ಎಲ್ಲರ ಪ್ರಶ್ನೆಗಳೂ ಸುತ್ತಿ ಬಳಸಿ ಅಲ್ಲಿಗೇ ಬರುತ್ತವೆ. ಮಾತಿನಲ್ಲಿ, ಪತ್ರಗಳಲ್ಲಿ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಸುಲಭದ್ದು ಮೊದಲು, ತಲೆ ಕೆರೆದುಕೊಳ್ಳುವಂಥದ್ದು ಆಮೇಲೆ. ಇಲ್ಲಿನ ಚಿತ್ರಗಳು ಹೆಚ್ಚಾಗಿ 1930ರಿಂದ 1960ರ ನಡುವಿನ ಅಮೆರಿಕದವು.

## ಮೊದಲಿಂದ ಶುರು

ಪಿನ್‌ಅಪ್ ಅಂದ್ರೆ ಏನು? ಬೆತ್ತಲೆ ಚಿತ್ರಾನಾ?

ಗೋಡೆಗೆ ಪಿನ್ನು ಚುಚ್ಚಿ ಹಾಕಿಕೊಳ್ಳಲೆಂದೇ ಅಚ್ಚು ಮಾಡಿದ ಚೆಲುವೆಯ ಚಿತ್ರ, ಅಷ್ಟೇ. ಬೆತ್ತಲೆ ಚಿತ್ರಗಳೂ ಇದ್ದವು, ಆದರೆ ಬಟ್ಟೆ ತೊಟ್ಟವೇ ಜಾಸ್ತಿ. ಅದಕ್ಕೆ ವ್ಯಾಪಾರದ ಕಾರಣ ಇದೆ. ಈ ಚಿತ್ರಗಳಲ್ಲಿ ಬಹುಪಾಲು ಬಂದದ್ದು ಜಾಹೀರಾತಿನ ಕ್ಯಾಲೆಂಡರ್‌ಗಳಲ್ಲಿ. ಮಿನ್ನೆಸೋಟಾದ ಸೇಂಟ್ ಪಾಲ್ ಊರಿನಲ್ಲಿ 1896ರಲ್ಲಿ ಶುರುವಾದ ಬ್ರೌನ್ ಅಂಡ್ ಬಿಗೆಲೋ ಕಂಪನಿ ಈ ಕ್ಯಾಲೆಂಡರ್‌ಗಳಿಗೆ ದೊಡ್ಡ ಹೆಸರು. ಗ್ಯಾರೇಜಿನವನೋ ಬಿಡಿಭಾಗ ಮಾರುವವನೋ ಕೆಳಗೆ ತನ್ನ ಅಂಗಡಿ ಹೆಸರು ಹಾಕಿಸಿ ಗಿರಾಕಿಗಳಿಗೆ ಹಂಚುತ್ತಿದ್ದ. ವರ್ಷವಿಡೀ ಅಂಗಡಿ ಗೋಡೆಯ ಮೇಲೆ ಇರಬೇಕಾದ ಚಿತ್ರ. ಗಿರಾಕಿಯ ಹೆಂಡತಿ ಬಂದರೂ ಮುಖ ಸಿಂಡರಿಸಬಾರದು, ಗಿರಾಕಿ ಬಂದರೆ ಕಣ್ಣು ಅತ್ತ ಹೋಗಬೇಕು. ಈ ಎರಡರ ನಡುವಿನ ಇಕ್ಕಟ್ಟು ಜಾಗದಲ್ಲೇ ಪಿನ್‌ಅಪ್ ಕಲೆ ಬೆಳೆದದ್ದು.

ಇಷ್ಟೊಂದು ಚಿತ್ರಗಳಲ್ಲಿ ಕನ್ನಡಿ ಯಾಕೆ?

ಎಲ್ಲಕ್ಕಿಂತ ಮೊದಲಿನ ಕಾರಣ ಜಿಪುಣತನ. ಒಂದೇ ಹಾಳೆಯಲ್ಲಿ ಎರಡು ನೋಟ ಸಿಗುತ್ತದೆ. ಬೆನ್ನು ಇತ್ತ, ಮುಖ ಕನ್ನಡಿಯಲ್ಲಿ. ಪಕ್ಕದಿಂದ ಕಂಡ ಸೊಂಟದ ಗೆರೆಯೂ ಸಿಕ್ಕಿತು, ನಗುವೂ ಸಿಕ್ಕಿತು.

ಇನ್ನೊಂದು ಕಾರಣ ಇದಕ್ಕಿಂತ ಸೂಕ್ಷ್ಮ. ಕನ್ನಡಿ ಮುಂದೆ ನಿಂತವಳಿಗೆ ಕೆಲಸ ಇದೆ. ತುಟಿಗೆ ಬಣ್ಣ ಹಚ್ಚುತ್ತಿದ್ದಾಳೆ, ಸ್ಟಾಕಿಂಗ್ಸ್‌ನ ಹಿಂದಿನ ಹೊಲಿಗೆ ನೆಟ್ಟಗಿದೆಯಾ ಅಂತ ತಿರುಗಿ ನೋಡುತ್ತಿದ್ದಾಳೆ, ಟೋಪಿ ಸರಿಮಾಡಿಕೊಳ್ಳುತ್ತಿದ್ದಾಳೆ. ಅರ್ಧ ಅಲಂಕಾರದಲ್ಲಿ ಇರುವುದಕ್ಕೆ ಅವಳಿಗೊಂದು ನೆಪ ಸಿಕ್ಕಿತು, ನೋಡುವವನಿಗೂ ಒಂದು ನೆಪ ಸಿಕ್ಕಿತು. ಅವಳು ನಮಗಾಗಿ ನಿಂತಿಲ್ಲ, ನಾವು ಸುಮ್ನೆ ಆ ಕಡೆ ಹಾದು ಹೋಗುತ್ತಿದ್ದೆವು ಅನ್ನುವ ನಾಟಕ. ನನ್ನ ಪ್ರಕಾರ ಪಿನ್‌ಅಪ್‌ನಲ್ಲಿ ಕನ್ನಡಿಯ ನಿಜವಾದ ಕೆಲಸ ಇದೇ. ಅದು ಇರುವುದು ಅವಳ ಮುಂದೆ, ದುಡಿಯುವುದು ನೋಡುಗನಿಗಾಗಿ.

ಕನ್ನಡಿ ಅಂದ್ರೆ ಡ್ರೆಸ್ಸಿಂಗ್ ಟೇಬಲ್ ಒಂದೇನಾ?

ಅಲ್ಲ. ಮೂರು ಮಡಿಕೆಯ ಕನ್ನಡಿ, ಹಿಡಿಕೆಯ ಕೈಗನ್ನಡಿ, ಪೌಡರ್ ಡಬ್ಬಿಯ ಮುಚ್ಚಳದ ಪುಟ್ಟ ಕನ್ನಡಿ, ಕಾರಿನ ಹಿನ್ನೋಟದ ಕನ್ನಡಿ, ಬಟ್ಟೆ ಅಂಗಡಿಯ ಆಳೆತ್ತರದ ಕನ್ನಡಿ ಇವೆಲ್ಲ ಬರುತ್ತವೆ. ಕನ್ನಡಿಯಲ್ಲದ ಕನ್ನಡಿಗಳೂ ಇವೆ: ಕೊಳದ ನೀರು, ಮಳೆ ಬಿದ್ದ ರಸ್ತೆ, ಕ್ರೋಮ್ ಬಂಪರ್, ಮೇಣ ಉಜ್ಜಿದ ನೆಲ.

ಸಾಮಾನ್ಯ ಮನೆಯ ಹುಡುಗಿಯ ಕೋಣೆಯಲ್ಲಿ ದೊಡ್ಡ ಕನ್ನಡಿ ಇರುವುದು ಅಂಥ ಹಳೆಯ ಸಂಗತಿ ಏನಲ್ಲ. ಜರ್ಮನಿಯ ರಸಾಯನ ವಿಜ್ಞಾನಿ ಯೂಸ್ಟಸ್ ಫಾನ್ ಲೀಬಿಗ್ 1835ರಲ್ಲಿ ಗಾಜಿನ ಮೇಲೆ ಬೆಳ್ಳಿಯ ತೆಳು ಪದರ ಕೂರಿಸುವ ವಿಧಾನ ಕಂಡುಹಿಡಿದ. ಒಳ್ಳೆಯ ಕನ್ನಡಿ ಅಗ್ಗವಾಗಿ ಮನೆಮನೆಗೆ ಬಂದದ್ದು ಆಮೇಲೆ. ಅದಕ್ಕೂ ಮುಂಚಿನ ಚಿತ್ರಗಳಲ್ಲಿ ದೊಡ್ಡ ಕನ್ನಡಿ ಇದ್ದರೆ ಅದು ಶ್ರೀಮಂತಿಕೆಯ ಗುರುತು. ಪಿನ್‌ಅಪ್‌ನಲ್ಲಿ ಅದು ಪಕ್ಕದ ಮನೆಯ ಹುಡುಗಿಯ ಸಾಮಾನು.

ಕನ್ನಡಿ ಇಲ್ಲದ ಪಿನ್‌ಅಪ್‌ಗಳೂ ಬೇಕಾದಷ್ಟಿವೆಯಲ್ಲ, ಅವರೇನು ಮಾಡ್ತಿದ್ರು?

ಬೇರೆ ದಾರಿ ಹುಡುಕಿಕೊಂಡರು. 1943ರಲ್ಲಿ ಫ್ರಾಂಕ್ ಪೊವೊಲ್ನಿ ತೆಗೆದ ಹಾಲಿವುಡ್ ನಟಿ ಬೆಟ್ಟಿ ಗ್ರೇಬಲ್ ಫೋಟೋ ನೆನಪು ಮಾಡಿಕೊಳ್ಳಿ. ಈಜುಡುಗೆ, ಬೆನ್ನು ನಮ್ಮ ಕಡೆ, ಭುಜದ ಮೇಲಿಂದ ತಿರುಗಿ ನಗುತ್ತಿದ್ದಾಳೆ. ಎರಡನೇ ಮಹಾಯುದ್ಧದ ಸೈನಿಕರ ಪೆಟ್ಟಿಗೆಗಳಲ್ಲಿ ಅತಿ ಹೆಚ್ಚು ಓಡಾಡಿದ ಚಿತ್ರಗಳಲ್ಲಿ ಅದೊಂದು. ಹಿಂದು ಮುಂದು ಎರಡೂ ಒಂದೇ ಚಿತ್ರದಲ್ಲಿ ಸಿಕ್ಕಿತು, ಕನ್ನಡಿ ಬೇಕಾಗಲಿಲ್ಲ. ಕತ್ತು ತಿರುಗಿಸಿದ್ದೇ ಕನ್ನಡಿಯ ಕೆಲಸ ಮಾಡಿತು.

ಎಸ್ಕ್ವೈರ್ ಪತ್ರಿಕೆ 1933ರಲ್ಲಿ ಶುರುವಾದಾಗಿನಿಂದ ಅದಕ್ಕೆ ಬಿಡಿಸುತ್ತಿದ್ದ ಜಾರ್ಜ್ ಪೆಟ್ಟಿ ತನ್ನ ಹುಡುಗಿಯರ ಕೈಗೆ ಟೆಲಿಫೋನ್ ಕೊಟ್ಟ. ಅವಳು ಯಾರ ಜೊತೆಗೋ ಮಾತಾಡುತ್ತಿದ್ದಾಳೆ, ನಾವು ನೋಡಬಹುದು. 1940ರಿಂದ ಅದೇ ಪತ್ರಿಕೆಗೆ ಬಿಡಿಸಿದ ಆಲ್ಬರ್ಟೊ ವರ್ಗಾಸ್ ನೆಪದ ಗೋಜಿಗೇ ಹೋಗಲಿಲ್ಲ. ಖಾಲಿ ಬಿಳಿ ಹಿನ್ನೆಲೆ, ಅದರಲ್ಲಿ ತೇಲುವ ಹೆಣ್ಣು. ಕೋಣೆಯೇ ಇಲ್ಲದ ಕಡೆ ಕನ್ನಡಿ ತೂಗುಹಾಕುವುದಾದರೂ ಎಲ್ಲಿ?

ಬೇಲೂರಿನ ದರ್ಪಣ ಸುಂದರಿ ನಮ್ಮ ಹಳೇ ಪಿನ್‌ಅಪ್ ಅಲ್ವಾ?

ಈ ಪ್ರಶ್ನೆ ಬರದ ದಿನವಿಲ್ಲ. ವಿಷಯ ಒಂದೇ, ಒಪ್ಪುತ್ತೇನೆ. ಕನ್ನಡಿ ಹಿಡಿದು ತನ್ನನ್ನು ತಾನು ನೋಡಿಕೊಳ್ಳುವ ಚೆಲುವೆ. ಆದರೆ ಹೊಯ್ಸಳ ವಿಷ್ಣುವರ್ಧನ 1117ರಲ್ಲಿ ಕಟ್ಟಿಸಿದ ಚೆನ್ನಕೇಶವ ದೇವಸ್ಥಾನದ ಮದನಿಕೆಗೂ ಗ್ಯಾರೇಜಿನ ಕ್ಯಾಲೆಂಡರ್‌ಗೂ ಗಂಟು ಹಾಕುವುದು ಅವಸರದ ಮಾತು. ಒಂದು ದೇವಾಲಯದ ಭಾಗ, ಇನ್ನೊಂದು ಡಿಸೆಂಬರ್ ಮುಗಿದರೆ ಕಸದ ಬುಟ್ಟಿಗೆ.

ಕನ್ನಡಿಯ ದೃಷ್ಟಿಯಿಂದ ನೋಡಿದರೆ ಇನ್ನೂ ದೊಡ್ಡ ವ್ಯತ್ಯಾಸ ಇದೆ. ದರ್ಪಣ ಸುಂದರಿಯ ಕನ್ನಡಿ ಬಳಪದ ಕಲ್ಲಿನದು. ಅದರಲ್ಲಿ ಮುಖ ಮೂಡುವುದಿಲ್ಲ. ನಾವು ಕೆಳಗೆ ಅಂಗಳದಲ್ಲಿ ನಿಂತು ಕತ್ತೆತ್ತಿ ನೋಡುತ್ತೇವೆ, ಅವಳು ಅಲ್ಲಿ ಏನು ಕಾಣುತ್ತಿದ್ದಾಳೋ ಅದು ಅವಳಿಗೇ ಬಿಟ್ಟದ್ದು. ಪಿನ್‌ಅಪ್ ಕನ್ನಡಿ ಇದಕ್ಕೆ ತದ್ವಿರುದ್ಧ, ಒಳಗಿರುವುದನ್ನೆಲ್ಲ ನಮ್ಮ ಕಡೆಗೇ ತಿರುಗಿಸಿ ಇಡುತ್ತದೆ.

## ಚಿತ್ರಕಾರರು ಮತ್ತು ಮಾಡೆಲ್‌ಗಳು

ಎಲ್ವ್‌ಗ್ರೆನ್ ಎದುರಿಗೆ ಮಾಡೆಲ್ ನಿಲ್ಲಿಸಿ ಬಿಡಿಸ್ತಿದ್ರಾ, ಫೋಟೋ ನೋಡಿ ಬಿಡಿಸ್ತಿದ್ರಾ?

ಫೋಟೋ ನೋಡಿ. ಗಿಲ್ ಎಲ್ವ್‌ಗ್ರೆನ್ (1914-1980) ಸೇಂಟ್ ಪಾಲ್‌ನಲ್ಲೇ ಹುಟ್ಟಿದವರು, ಬ್ರೌನ್ ಅಂಡ್ ಬಿಗೆಲೋಗೆ ದಶಕಗಳ ಕಾಲ ಬಿಡಿಸಿದರು. ಮಾಡೆಲ್, ಬಟ್ಟೆ, ಕುರ್ಚಿ, ದೀಪ ಎಲ್ಲವನ್ನೂ ಸ್ಟುಡಿಯೋದಲ್ಲಿ ಜೋಡಿಸಿ ತಾವೇ ಫೋಟೋ ತೆಗೆಯುತ್ತಿದ್ದರು. ಆಮೇಲೆ 30 ಇಂಚು ಎತ್ತರ, 24 ಇಂಚು ಅಗಲದ ಕ್ಯಾನ್ವಾಸಿನ ಮೇಲೆ ಎಣ್ಣೆ ಬಣ್ಣ. ಫೋಟೋಗಳನ್ನೂ ಚಿತ್ರಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಗೊತ್ತಾಗುತ್ತದೆ: ಕಾಲು ಉದ್ದವಾಗಿದೆ, ಸೊಂಟ ಸಣ್ಣಗಾಗಿದೆ, ಹುಬ್ಬು ಮೇಲೆದ್ದಿದೆ.

ಅರ್ಲ್ ಮೊರಾನ್ ಕೂಡ ಫೋಟೋ ಬಳಸುತ್ತಿದ್ದರು. ಇನ್ನೂ ಹೆಸರು ಮಾಡದ ಮರ್ಲಿನ್ ಮನ್ರೋ 1940ರ ದಶಕದ ಕೊನೆಯಲ್ಲಿ ಅವರಿಗೆ ಮಾಡೆಲ್ ಆಗಿದ್ದಳು. ರೋಲ್ಫ್ ಆರ್ಮ್‌ಸ್ಟ್ರಾಂಗ್ ಮಾತ್ರ ಎದುರಿಗೆ ಜೀವಂತ ಮಾಡೆಲ್ ಇರಲೇಬೇಕು ಅನ್ನುವ ಹಟದವರು. ಕನ್ನಡಿ ಇರುವ ಚಿತ್ರಕ್ಕೆ ಈ ವ್ಯತ್ಯಾಸ ದೊಡ್ಡದು. ಎದುರಿಗೆ ನೋಡಿ ಬಿಡಿಸುವವನು ತಲೆ ಒಂದು ಗೇಣು ಅಲುಗಿಸಿದರೂ ಪ್ರತಿಬಿಂಬ ಜರುಗುತ್ತದೆ, ಕ್ಯಾಮೆರಾ ಅದನ್ನು ಒಂದೇ ಕಡೆ ಹಿಡಿದು ಕೊಡುತ್ತದೆ.

ತನ್ನನ್ನೇ ಕನ್ನಡೀಲಿ ನೋಡ್ಕೊಂಡು ಪಿನ್‌ಅಪ್ ಬಿಡಿಸಿದ ಹೆಂಗಸರು ಯಾರಾದ್ರೂ ಇದ್ದಾರಾ?

ಇದ್ದಾರೆ, ಜೋಯಿ ಮೋಜರ್ಟ್ (1907-1993). ಫಿಲಡೆಲ್ಫಿಯಾದಲ್ಲಿ ಕಲೆ ಓದುವಾಗ ಫೀಸಿಗಾಗಿ ತಾನೇ ಮಾಡೆಲ್ ಆಗಿ ನಿಲ್ಲುತ್ತಿದ್ದವಳು. 1940ರ ದಶಕದಲ್ಲಿ ಬ್ರೌನ್ ಅಂಡ್ ಬಿಗೆಲೋ ಸೇರಿದಳು. ಬಣ್ಣದ ಚಾಕಿನಂಥ ಪ್ಯಾಸ್ಟಲ್ ಕಡ್ಡಿಗಳಲ್ಲಿ ಅವಳ ಕೈ ಪಳಗಿತ್ತು. ಮಾಡೆಲ್‌ಗೆ ದುಡ್ಡು ಕೊಡುವ ಬದಲು ಎಷ್ಟೋ ಸಲ ತನ್ನನ್ನೇ ಕನ್ನಡಿಯಲ್ಲಿ ನೋಡಿಕೊಂಡೋ ಕ್ಯಾಮೆರಾದಲ್ಲಿ ಹಿಡಿದೋ ಬಿಡಿಸುತ್ತಿದ್ದಳು.

ಹೇಳಿದಷ್ಟು ಸುಲಭ ಅಲ್ಲ ಅದು. ಬಲಗೈಯಲ್ಲಿ ಕಡ್ಡಿ ಹಿಡಿದು ಕನ್ನಡಿ ಎದುರು ಕೂತು ನೋಡಿ. ಬಿಡಿಸುವ ಕೈ ಭಂಗಿಯಲ್ಲಿ ಇರಲು ಸಾಧ್ಯವೇ ಇಲ್ಲ, ಅದು ಹಾಳೆಯ ಮೇಲಿದೆ. ಕನ್ನಡಿಯಲ್ಲಿ ಕಂಡಂತೆ ಬಿಡಿಸಿದರೆ ಆ ಕೈ ಚಿತ್ರದಲ್ಲಿ ಎಡಗೈ ಆಗಿಬಿಡುತ್ತದೆ. ಕತ್ತು ತಿರುಗಿಸಿದರೆ ಕನ್ನಡಿ ಕಾಣುವುದಿಲ್ಲ. ಹಾಗಾಗಿ ಕನ್ನಡಿಯಿಂದ ಬಿಡಿಸಿದ ಮುಖಗಳು ಸಾಮಾನ್ಯವಾಗಿ ನೆಟ್ಟಗೆ ನಮ್ಮ ಕಣ್ಣಿಗೇ ಕಣ್ಣಿಟ್ಟು ನೋಡುತ್ತವೆ. ಇಲ್ಲಿ ಕನ್ನಡಿ ಚಿತ್ರದೊಳಗೆ ಇಲ್ಲ, ಚಿತ್ರದ ಜಾಗದಲ್ಲೇ ಇದೆ. ಈಗ ನಾವು ನಿಂತಿರುವುದು ಕನ್ನಡಿ ಇದ್ದ ಕಡೆ. ಪಿನ್‌ಅಪ್ ಇತಿಹಾಸದಲ್ಲಿ ಕನ್ನಡಿ ನಿಜಕ್ಕೂ ಹೆಣ್ಣಿನ ಕೆಲಸಕ್ಕೆ ಬಂದದ್ದು ಇಂಥ ಸ್ಟುಡಿಯೋಗಳಲ್ಲೇ.

ಸಾಂಟಾ ಕ್ಲಾಸ್ ಬೆಲ್ಟ್ ಉಲ್ಟಾ ಆದ ಕಥೆಗೂ ಕನ್ನಡಿಗೂ ಸಂಬಂಧ ಇದೆಯಂತೆ?

ಹ್ಯಾಡನ್ ಸಂಡ್‌ಬ್ಲಮ್ 1931ರಿಂದ ಕೋಕಾ ಕೋಲಾಕ್ಕೆ ಸಾಂಟಾ ಬಿಡಿಸಿದವರು. ಎಲ್ವ್‌ಗ್ರೆನ್ ದುಡಿದದ್ದು ಶಿಕಾಗೋದಲ್ಲಿ ಅವರ ಬಳಿ, ಆ ದಪ್ಪ ಮಿನುಗು ಬಣ್ಣ ಬಂದದ್ದೂ ಅಲ್ಲಿಂದಲೇ. ಸಾಂಟಾಗೆ ಮಾಡೆಲ್ ಆಗಿದ್ದ ಗೆಳೆಯ ತೀರಿಕೊಂಡ ಮೇಲೆ ಸಂಡ್‌ಬ್ಲಮ್ ಕನ್ನಡಿಯಲ್ಲಿ ತಮ್ಮ ಮುಖವನ್ನೇ ನೋಡಿಕೊಂಡು ಬಿಡಿಸತೊಡಗಿದರು. ಒಂದು ವರ್ಷ ಸಾಂಟಾ ಬೆಲ್ಟ್ ಉಲ್ಟಾ ಬಂತು, ಜನ ಕಂಪನಿಗೆ ಪತ್ರ ಬರೆದರು. ಕನ್ನಡಿ ನೋಡಿ ಬಿಡಿಸಿದ್ದೇ ಬಹುಶಃ ಕಾರಣ ಅಂತ ಕಂಪನಿಯೇ ಹೇಳುತ್ತದೆ. ಬಹುಶಃ ಅನ್ನುವುದನ್ನು ಮಾತ್ರ ಬಿಡಬೇಡಿ.

ನಾರ್ಮನ್ ರಾಕ್‌ವೆಲ್ ಬಿಡಿಸಿದ ಕನ್ನಡಿ ಮುಂದಿನ ಹುಡುಗಿ ಪಿನ್‌ಅಪ್ ಅನ್ನಬಹುದಾ?

ಖಂಡಿತ ಅಲ್ಲ. ಆದರೆ ಪಿನ್‌ಅಪ್ ಬಗ್ಗೆ ಬಿಡಿಸಿದ ಚಿತ್ರ ಅನ್ನಬಹುದು. 1954ರ ಮಾರ್ಚ್ 6ರ ಸ್ಯಾಟರ್ಡೇ ಈವ್ನಿಂಗ್ ಪೋಸ್ಟ್ ಮುಖಪುಟ ಅದು. ಬಿಳಿ ಒಳಲಂಗದ ಪುಟ್ಟ ಹುಡುಗಿ ಕನ್ನಡಿ ಮುಂದೆ ಗಲ್ಲಕ್ಕೆ ಕೈಕೊಟ್ಟು ಕೂತಿದ್ದಾಳೆ. ಗೊಂಬೆ ಪಕ್ಕಕ್ಕೆ ಬಿದ್ದಿದೆ. ಬಾಚಣಿಗೆ, ಲಿಪ್‌ಸ್ಟಿಕ್ ಕಾಲ ಬಳಿ. ತೊಡೆಯ ಮೇಲೆ ತೆರೆದ ಪತ್ರಿಕೆ, ಅದರಲ್ಲಿ ಜೇನ್ ರಸೆಲ್ ಫೋಟೋ. ರಸೆಲ್ ಆ ಕಾಲದ ದೊಡ್ಡ ಪಿನ್‌ಅಪ್ ತಾರೆ. ಹುಡುಗಿ ಫೋಟೋ ನೋಡಿ, ಕನ್ನಡಿ ನೋಡಿ, ಲೆಕ್ಕ ಹಾಕುತ್ತಿದ್ದಾಳೆ.

ಆ ತಾರೆಯ ಫೋಟೋ ಹಾಕಬಾರದಿತ್ತು ಅಂತ ರಾಕ್‌ವೆಲ್ ಆಮೇಲೆ ಪೇಚಾಡಿದರು. ಹುಡುಗಿ ತಾನು ತಾರೆಯ ಹಾಗಿದ್ದೇನಾ ಅಂತ ಯೋಚಿಸುತ್ತಿಲ್ಲ, ಸುಮ್ನೆ ತನ್ನ ಬಗ್ಗೆ ಯೋಚಿಸುತ್ತಿದ್ದಾಳೆ ಅನ್ನುವುದು ಅವರ ವಾದ. ನನಗೇನೋ ಆ ಫೋಟೋ ಇರುವುದೇ ಸರಿ ಅನಿಸುತ್ತದೆ. ಗ್ಯಾರೇಜಿನ ಗೋಡೆಯ ಚಿತ್ರಗಳನ್ನು ಮನೆಯ ಹುಡುಗಿಯರೂ ನೋಡುತ್ತಿದ್ದರು ಅನ್ನುವುದನ್ನು ಆ ಕಾಲದ ಬೇರೆ ಯಾವ ಮುಖಪುಟವೂ ಇಷ್ಟು ನೇರವಾಗಿ ಹೇಳಿದ್ದು ನಾನು ಕಂಡಿಲ್ಲ.

ನಮ್ಮ ಕಡೆಯ ಕ್ಯಾಲೆಂಡರ್ ಚಿತ್ರಕಾರರಿಗೂ ಇದರ ಗಾಳಿ ಬೀಸಿತ್ತಾ?

ಹಾಲಿವುಡ್ ಗಾಳಿಯಂತೂ ಬೀಸಿತ್ತು. ಕಲಬುರಗಿಯಲ್ಲಿ 1916ರಲ್ಲಿ ಹುಟ್ಟಿದ ಎಸ್. ಎಂ. ಪಂಡಿತ್ ಮುಂಬೈಯಲ್ಲಿ ಎಂಜಿಎಂ ಸಿನಿಮಾಗಳಿಗೆ ಪ್ರಚಾರ ಚಿತ್ರ ಬಿಡಿಸಿದರು, ಫಿಲ್ಮ್‌ಇಂಡಿಯಾ ಪತ್ರಿಕೆಗೆ ಮುಖಪುಟ ಬಿಡಿಸಿದರು, ಆಮೇಲೆ ಕ್ಯಾಲೆಂಡರ್‌ಗಳಿಗೆ ಪುರಾಣದ ಚಿತ್ರ. ಅವರ ಅಪ್ಸರೆಯರ ಮೈಮೇಲೆ ಬೀಳುವ ಬೆಳಕು ಸಿನಿಮಾ ಸ್ಟುಡಿಯೋದ ಬೆಳಕು. ಆದರೆ ಅವು ಪೂಜೆಯ ಮನೆಗೂ ಹೋಗುತ್ತಿದ್ದ ಕ್ಯಾಲೆಂಡರ್‌ಗಳು, ಅವನ್ನು ಪಿನ್‌ಅಪ್ ಅಂತ ಕರೆದರೆ ಲೆಕ್ಕ ತಪ್ಪುತ್ತದೆ.

## ಬಿಡಿಸುವವರಿಗೆ, ಫೋಟೋ ತೆಗೆಯುವವರಿಗೆ

ಕನ್ನಡಿಯೊಳಗಿನ ಆಕೃತಿ ಎಷ್ಟು ದೊಡ್ಡದಿರಬೇಕು? ನಾನು ಬಿಡಿಸಿದ್ದು ಯಾಕೋ ಸರಿ ಕಾಣಲ್ಲ

ಬಹುಶಃ ನೀವು ಎರಡನ್ನೂ ಒಂದೇ ಅಳತೆಯಲ್ಲಿ ಬಿಡಿಸಿರುತ್ತೀರಿ. ಪ್ರತಿಬಿಂಬ ಗಾಜಿನ ಮೇಲೆ ಅಂಟಿಕೊಂಡಿರುವುದಿಲ್ಲ. ಅವಳು ಕನ್ನಡಿಯಿಂದ ಎಷ್ಟು ದೂರ ಈಚೆ ಇದ್ದಾಳೋ ಅಷ್ಟೇ ದೂರ ಆಚೆ ಇದ್ದ ಹಾಗೆ ಕಾಣುತ್ತದೆ. ಲೆಕ್ಕ ಹೀಗೆ ಹಾಕಿ. ನೀವು ಅವಳಿಂದ 3 ಮೀಟರ್ ಹಿಂದೆ ಇದ್ದೀರಿ, ಅವಳು ಕನ್ನಡಿಯಿಂದ 1 ಮೀಟರ್ ದೂರ. ಅಂದರೆ ಕನ್ನಡಿಗೆ 4 ಮೀಟರ್, ಅದರಾಚೆ ಇನ್ನೊಂದು, ಒಟ್ಟು 5. ಪ್ರತಿಬಿಂಬ ಅವಳ 5ರಲ್ಲಿ 3 ಪಾಲು ಅಳತೆಯಲ್ಲಿ ಇರಬೇಕು. ಅವಳ ತಲೆ ಹಾಳೆಯಲ್ಲಿ 5 ಸೆಂಟಿಮೀಟರ್ ಇದ್ದರೆ ಕನ್ನಡಿಯ ತಲೆ 3 ಸೆಂಟಿಮೀಟರ್.

ಇದರಿಂದ ಒಂದು ತೊಂದರೆ ಬರುತ್ತದೆ. ನೀವು, ಅವಳು, ಕನ್ನಡಿ ಒಂದೇ ನೇರದಲ್ಲಿದ್ದರೆ ಆ ಸಣ್ಣ ಪ್ರತಿಬಿಂಬ ಪೂರ್ತಿ ಅವಳ ಬೆನ್ನ ಹಿಂದೆ ಮುಚ್ಚಿಹೋಗುತ್ತದೆ. ಅದಕ್ಕೇ ಪಿನ್‌ಅಪ್‌ಗಳಲ್ಲಿ ಕನ್ನಡಿ ಓರೆಯಾಗಿರುತ್ತದೆ, ಇಲ್ಲವೇ ಅವಳು ಪಕ್ಕಕ್ಕೆ ವಾಲಿರುತ್ತಾಳೆ. ಕ್ಯಾಲೆಂಡರ್ ಕಲಾವಿದರು ಅಳತೆಯಲ್ಲಿ ಮೋಸ ಮಾಡಿ ಮುಖವನ್ನು ದೊಡ್ಡದು ಮಾಡುವುದೂ ಉಂಟು. ಮುಖ ಮಾರಾಟವಾಗುತ್ತದೆ, ಲೆಕ್ಕ ಮಾರಾಟವಾಗುವುದಿಲ್ಲ.

ಹಿಂದಿನಿಂದ ಒಂದು, ಮುಂದಿನಿಂದ ಒಂದು ಫೋಟೋ ತೆಗೆದು ಸೇರಿಸಿದ್ರೆ ಸಾಕಲ್ವಾ?

ಸಾಕು, ಮುಂದಿನ ಫೋಟೋವನ್ನು ಎಡಬಲ ತಿರುಗಿಸಿದರೆ ಮಾತ್ರ. ಹಿಂದಿನಿಂದ ನೋಡಿದಾಗ ಅವಳ ಬಲಗೈ ನಿಮ್ಮ ಬಲಕ್ಕೆ ಇರುತ್ತದೆ. ಕನ್ನಡಿಯಲ್ಲೂ ಅದು ಬಲಕ್ಕೇ ಇರಬೇಕು. ತಿರುಗಿಸದ ಫೋಟೋದಲ್ಲಿ ಅದೇ ಕೈ ಎಡಕ್ಕೆ ಬರುತ್ತದೆ. ಆಗ ಅವಳು ಬಲಗೈಯಿಂದ ತುಟಿಗೆ ಬಣ್ಣ ಹಚ್ಚುತ್ತಾಳೆ, ಕನ್ನಡಿಯವಳು ಎಡಗೈಯಿಂದ! ಬೈತಲೆ, ವಾಚು, ಒಂದೇ ಕಿವಿಯ ಪಕ್ಕ ಸಿಕ್ಕಿಸಿದ ಹೂವು, ಇವಿಷ್ಟನ್ನು ನೋಡಿ. ಬೆಳಕೂ ಒಂದೇ ಕಡೆಯಿಂದ ಬರಬೇಕು. ಎಐ ತಯಾರಿಸಿದ ನಕಲಿ ಹಳೆ ಪಿನ್‌ಅಪ್‌ಗಳು ಸಿಕ್ಕಿಬೀಳುವುದೂ ಹೆಚ್ಚಾಗಿ ಇಲ್ಲೇ. ಕನ್ನಡಿಯೊಳಗೆ ಬೇರೆ ಯಾರೋ ನಿಂತಿರುತ್ತಾರೆ.

ಕ್ಯಾಮೆರಾ ಕನ್ನಡೀಲಿ ಬೀಳದ ಹಾಗೆ ಎಲ್ಲಿ ನಿಲ್ಲಬೇಕು?

ನಿಮ್ಮಿಂದ ಕನ್ನಡಿಗೆ ಲಂಬವಾಗಿ ಒಂದು ಗೆರೆ ಎಳೆದ ಹಾಗೆ ಕಲ್ಪಿಸಿಕೊಳ್ಳಿ. ಆ ಗೆರೆ ಗಾಜಿಗೆ ತಗುಲಿದರೆ ನೀವು ಅದರಲ್ಲಿ ಕಾಣುತ್ತೀರಿ. ಚೌಕಟ್ಟಿನಿಂದ ಆಚೆ ಗೋಡೆಗೆ ತಗುಲಿದರೆ ಕಾಣುವುದಿಲ್ಲ. ಕನ್ನಡಿಯನ್ನು ಸ್ವಲ್ಪ ಓರೆ ಮಾಡಿದರೂ ಆಯಿತು.

ಮಾಡೆಲ್‌ಗೆ ಎತ್ತ ನೋಡಬೇಕು ಅಂತ ಹೇಳುವುದಕ್ಕೆ ಒಂದೇ ಮಾತು ಸಾಕು: ಕನ್ನಡಿಯಲ್ಲಿ ನಿಮಗೆ ಲೆನ್ಸ್ ಕಾಣುವ ಕಡೆ ನೋಡಿ. ಅವಳಿಗೆ ಲೆನ್ಸ್ ಕಂಡರೆ ಲೆನ್ಸಿಗೆ ಅವಳ ಕಣ್ಣು ಕಾಣುತ್ತದೆ. ಇನ್ನು ಫೋಕಸ್ ವಿಷಯ. ಗಾಜಿನ ಧೂಳಿಗೋ ಚೌಕಟ್ಟಿಗೋ ಅದು ಹಿಡಿದುಕೊಂಡರೆ ಮುಖ ಮಸುಕಾಗುತ್ತದೆ. ಕನ್ನಡಿಗೆ 2 ಮೀಟರ್, ಅಲ್ಲಿಂದ ಅವಳಿಗೆ 1 ಮೀಟರ್ ಇದ್ದರೆ 3 ಮೀಟರಿಗೆ ಫೋಕಸ್ ಮಾಡಬೇಕು. ಎದುರಿಂದ ಫ್ಲ್ಯಾಶ್ ಹೊಡೆಯುವುದನ್ನು ಮರೆತುಬಿಡಿ.

ಕನ್ನಡಿಯೊಳಗಿನ ಬಣ್ಣ ಹೊರಗಿನದೇ ಇರಬೇಕಾ?

ಒಂಚೂರು ಮಂಕು, ಒಂಚೂರು ತಂಪು. ಗಾಜು ತಾನೂ ಸ್ವಲ್ಪ ಬೆಳಕು ನುಂಗುತ್ತದೆ, ಮಾಮೂಲಿ ಗಾಜಿಗೆ ಹಸಿರು ಛಾಯೆ ಇರುತ್ತದೆ. ಕನ್ನಡಿಯ ಅಂಚನ್ನು ಪಕ್ಕದಿಂದ ನೋಡಿದರೆ ಆ ಹಸಿರು ಕಾಣಿಸುತ್ತದೆ. ಮೈಬಣ್ಣಕ್ಕೆ ಹೊರಗೆ ಹಾಕಿದ ಬೆಚ್ಚಗಿನ ಕೆಂಪನ್ನು ಒಳಗೆ ಸ್ವಲ್ಪ ಇಳಿಸಿ. ಅತಿ ಹೊಳಪಿನ ಬಿಳಿ ಚುಕ್ಕೆಗಳನ್ನು ಹೊರಗಿನ ಆಕೃತಿಗೇ ಉಳಿಸಿಕೊಳ್ಳಿ. ಅಂಚನ್ನು ಓರೆಯಾಗಿ ಉಜ್ಜಿದ ಕನ್ನಡಿಯಾದರೆ ಆ ಓರೆ ಪಟ್ಟಿಯಲ್ಲಿ ಭುಜದ ಗೆರೆ ಒಂದಿಷ್ಟು ಜರುಗಿ ತುಂಡಾಗಿ ಕಾಣಬೇಕು. ಆ ಒಂದು ತುಂಡು ಗೆರೆ ಹಾಕಿದರೆ ಸಾಕು, ನೋಡುವವರಿಗೆ ಅದು ಗಾಜು ಅಂತ ಹೇಳಬೇಕಾಗಿಲ್ಲ.

ನೀರಿನ ಪ್ರತಿಬಿಂಬಕ್ಕೆ ಚಿತ್ರವನ್ನೇ ತಲೆಕೆಳಗು ಮಾಡಿ ಅಂಟಿಸ್ತೀನಿ, ಆಗುತ್ತಾ?

ಆಗುವುದಿಲ್ಲ. ನೀರು ನಿಮ್ಮ ಎತ್ತರದಿಂದ ನೋಡುವುದಿಲ್ಲ, ಕೆಳಗಿನಿಂದ ನೋಡುತ್ತದೆ. ನಿಮಗೆ ಟೋಪಿಯ ಮೇಲ್ಭಾಗ ಕಂಡರೆ ನೀರಿನಲ್ಲಿ ಅದರ ಅಡಿಭಾಗ ಕಾಣಬೇಕು, ಗಲ್ಲದ ಕೆಳಗಿನ ನೆರಳು ಕಾಣಬೇಕು. ಅವಳು ದಡದಿಂದ ಹಿಂದೆ ನಿಂತಿದ್ದರೆ ಪಾದ ಪ್ರತಿಬಿಂಬದಲ್ಲಿ ಬರುವುದೇ ಇಲ್ಲ. ಬಣ್ಣದ ಲೆಕ್ಕವೂ ಬೇರೆ. ಬೆಳ್ಳಗಿನದು ನೀರಿನಲ್ಲಿ ಸ್ವಲ್ಪ ಕಪ್ಪಾಗುತ್ತದೆ, ಕಪ್ಪಗಿನದು ಸ್ವಲ್ಪ ಬೆಳ್ಳಗಾಗುತ್ತದೆ. ನಿಮ್ಮ ಕಾಲ ಬುಡದ ನೀರಿನಲ್ಲಿ ತಳ ಕಾಣುತ್ತದೆ, ದೂರದ ನೀರಿನಲ್ಲಿ ಆಕಾಶ ಕಾಣುತ್ತದೆ. ಕಣ್ಣು ಎಷ್ಟು ಓರೆಯಾಗಿ ನೀರನ್ನು ಸವರುತ್ತದೋ ಅಷ್ಟು ಪ್ರತಿಬಿಂಬ ಗಟ್ಟಿ.

ನನ್ನ ಹತ್ರ ಇರೋ ಹಳೆ ಪ್ರಿಂಟ್ ಉಲ್ಟಾ ಅಚ್ಚಾಗಿದೆಯಾ ಅಂತ ಹೇಗೆ ತಿಳಿಯೋದು?

ಸಹಿ ಇದ್ದರೆ ಅದೇ ಹೇಳುತ್ತದೆ. ಸಹಿ ಕತ್ತರಿಸಿ ಹೋಗಿದ್ದರೆ ರವಿಕೆಯ ಗುಂಡಿ ನೋಡಿ. ಅಮೆರಿಕದ ಹೆಂಗಸರ ಅಂಗಿಯಲ್ಲಿ ಗುಂಡಿ ಇರುವುದು ತೊಟ್ಟವಳ ಎಡಕ್ಕೆ. ಕಾರಿದ್ದರೆ ಸ್ಟಿಯರಿಂಗ್ ಎಡಕ್ಕೇ ಇರಬೇಕು. ಆದರೆ ಚಿತ್ರದೊಳಗೆ ಕನ್ನಡಿ ಇದ್ದರೆ ಹುಷಾರು, ಕನ್ನಡಿಯೊಳಗಿನ ಗುಂಡಿ ನೋಡಿ ತೀರ್ಪು ಕೊಡಬೇಡಿ.

## ಇನ್ನೂ ಒಳಕ್ಕೆ

ಅವಳು ಕನ್ನಡೀಲಿ ನಮ್ಮನ್ನೇ ನೋಡ್ತಿದ್ದಾಳೆ. ಹಾಗಾದ್ರೆ ತನ್ನನ್ನು ತಾನು ನೋಡ್ಕೊಳ್ತಿಲ್ವಾ?

ಇಲ್ಲ. ಇಷ್ಟು ಪ್ರಶ್ನೆಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ಇದೇ.

ಬೆಳಕು ಹೋದ ದಾರಿಯಲ್ಲೇ ವಾಪಸು ಬರುತ್ತದೆ. ನಿಮಗೆ ಕನ್ನಡಿಯ ನಡುವೆ ಅವಳ ಕಣ್ಣು ಕಂಡರೆ, ಅವಳಿಗೆ ಅದೇ ಜಾಗದಲ್ಲಿ ನಿಮ್ಮ ಕಣ್ಣು ಕಾಣುತ್ತದೆ. ಅವಳ ಸ್ವಂತ ಮುಖ ಅವಳಿಗೆ ಕಾಣುವುದು ಗಾಜಿನ ಬೇರೆ ಜಾಗದಲ್ಲಿ, ಅವಳ ನೇರಕ್ಕೆ. ಆದರೂ ಇಂಥ ಚಿತ್ರ ತೋರಿಸಿ ಕೇಳಿದರೆ ಹೆಚ್ಚಿನವರು ಅವಳು ತನ್ನ ಮುಖ ನೋಡಿಕೊಳ್ಳುತ್ತಿದ್ದಾಳೆ ಅನ್ನುತ್ತಾರೆ. ಮನಶ್ಶಾಸ್ತ್ರಜ್ಞ ಮಾರ್ಕೊ ಬೆರ್ಟಮಿನಿ ಮತ್ತು ಜೊತೆಗಾರರು 2003ರಲ್ಲಿ ಇದಕ್ಕೆ ವೀನಸ್ ಎಫೆಕ್ಟ್ ಅಂತ ಹೆಸರಿಟ್ಟರು. ಸ್ಪೇನಿನ ವೆಲಾಸ್ಕೆಜ್ 1647-51ರ ಸುಮಾರಿಗೆ ಬಿಡಿಸಿದ, ಈಗ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿರುವ ವೀನಸ್‌ನಿಂದ ಬಂದ ಹೆಸರು ಅದು. ಬೆನ್ನು ಮಾಡಿ ಮಲಗಿದ ವೀನಸ್, ಅವಳ ಮಗ ಹಿಡಿದ ಕನ್ನಡಿಯಲ್ಲಿ ಮಸುಕು ಮುಖ. ಆ ಮುಖ ನಮಗೆ ಕಾಣುತ್ತಿದೆ ಅಂದ ಮೇಲೆ ಅವಳು ನೋಡುತ್ತಿರುವುದು ನಮ್ಮನ್ನು.

ಪಿನ್‌ಅಪ್ ಕಲಾವಿದರು ಈ ಗೊಂದಲದ ಮೇಲೇ ಬದುಕಿದರು. ಅವಳು ತನ್ನ ಪಾಡಿಗೆ ತಾನಿದ್ದಾಳೆ ಅಂತ ನಂಬಿಸಬೇಕು, ಜೊತೆಗೆ ನಮ್ಮ ಕಡೆ ನೋಡಿ ನಗಲೂಬೇಕು. ಬೇರೆ ಯಾವ ಸಾಮಾನಿನಿಂದಲೂ ಈ ಎರಡು ಕೆಲಸ ಒಟ್ಟಿಗೆ ಆಗುವುದಿಲ್ಲ. ಕನ್ನಡಿಯೊಳಗಿನ ಗಂಟು ಕೈಗೆ ಸಿಗುವುದಿಲ್ಲ ಅನ್ನುತ್ತೇವಲ್ಲ, ಕ್ಯಾಲೆಂಡರ್ ಕಂಪನಿಗಳು ವರ್ಷಾ ವರ್ಷ ಮಾರಿದ್ದು ಆ ಗಂಟನ್ನೇ.

ಕನ್ನಡಿ ಹಿಡಿದ ಹೆಣ್ಣು ಅಂದ್ರೆ ಜಂಬದ ಗುರುತು ಅಂತಾರೆ. ಪಿನ್‌ಅಪ್‌ನಲ್ಲೂ ಹಾಗೇನಾ?

ಯೂರೋಪಿನ ಹಳೆ ಚಿತ್ರಗಳಲ್ಲಿ ಹೌದು. ಕನ್ನಡಿ, ಚೆಲುವೆ, ಪಕ್ಕದಲ್ಲಿ ತಲೆಬುರುಡೆ: ಚೆಲುವು ನಾಲ್ಕು ದಿನದ್ದು ಅನ್ನುವ ಬುದ್ಧಿಮಾತು. ಅಮೆರಿಕದಲ್ಲಿ ಚಾರ್ಲ್ಸ್ ಅಲನ್ ಗಿಲ್ಬರ್ಟ್ 1892ರಲ್ಲಿ ಇದನ್ನೇ ಒಂದು ಕಣ್ಕಟ್ಟು ಚಿತ್ರ ಮಾಡಿದ. ಹತ್ತಿರದಿಂದ ನೋಡಿದರೆ ಡ್ರೆಸ್ಸಿಂಗ್ ಟೇಬಲ್ ಮುಂದೆ ಕೂತ ಹೆಣ್ಣು. ದೂರದಿಂದ ನೋಡಿದರೆ ದುಂಡು ಕನ್ನಡಿಯೇ ಬುರುಡೆ, ಅವಳ ತಲೆ ಮತ್ತು ಪ್ರತಿಬಿಂಬದ ತಲೆ ಎರಡು ಕಣ್ಣಿನ ಗುಳಿ, ಮೇಜಿನ ಮೇಲಿನ ಸೀಸೆಗಳು ಹಲ್ಲು. 1902ರಲ್ಲಿ ಲೈಫ್ ಪತ್ರಿಕೆಯಲ್ಲಿ ಬಂದ ಮೇಲೆ ಅದು ಮನೆಮಾತಾಯಿತು.

ಪಿನ್‌ಅಪ್ ಈ ಬುದ್ಧಿಮಾತನ್ನು ಕಿತ್ತುಹಾಕಿತು. ಇಲ್ಲಿ ಬುರುಡೆ ಇಲ್ಲ, ಪಾಪ ಇಲ್ಲ, ಶನಿವಾರ ಸಂಜೆ ಹೊರಗೆ ಹೋಗುವ ತಯಾರಿ ಅಷ್ಟೇ. ಬ್ರಿಟಿಷ್ ವಿಮರ್ಶಕ ಜಾನ್ ಬರ್ಜರ್ 1972ರಲ್ಲಿ ಬಿಬಿಸಿಯಲ್ಲಿ ಈ ಇಡೀ ಪರಂಪರೆಯ ಕಪಟವನ್ನು ಎತ್ತಿ ತೋರಿಸಿದರು. ನೋಡುವ ಆಸೆಯಿಂದ ಹೆಣ್ಣನ್ನು ಬಿಡಿಸಿದವನೇ ಅವಳ ಕೈಗೆ ಕನ್ನಡಿ ಕೊಟ್ಟು, ಜಂಬದವಳು ಅಂತ ಅವಳ ಮೇಲೆ ಗೂಬೆ ಕೂರಿಸಿದ ಅನ್ನುವುದು ಅವರ ಮಾತಿನ ತಿರುಳು. ಆ ಮಟ್ಟಿಗೆ ಪಿನ್‌ಅಪ್ ಕ್ಯಾಲೆಂಡರ್ ಹೆಚ್ಚು ಪ್ರಾಮಾಣಿಕ. ಆಸೆ ನೋಡುವವನದು ಅಂತ ಒಪ್ಪಿಕೊಂಡು ಕೆಳಗೆ ಟೈರ್ ಅಂಗಡಿಯ ಹೆಸರು ಹಾಕುತ್ತದೆ.

ಕಾನೂನಿನ ಕಣ್ಣು ತಪ್ಪಿಸೋಕೆ ಕನ್ನಡಿ ಬಳಸ್ತಿದ್ರು ಅನ್ನೋದು ನಿಜಾನಾ?

ಅನುಮಾನ. ಅಮೆರಿಕದ ಅಂಚೆ ಇಲಾಖೆ ದೊಡ್ಡ ಜಗಳಕ್ಕೆ ನಿಂತದ್ದು 1943ರಲ್ಲಿ, ಎಸ್ಕ್ವೈರ್ ಪತ್ರಿಕೆಯ ಕಡಿಮೆ ದರದ ಅಂಚೆ ಸೌಲಭ್ಯ ಕಿತ್ತುಕೊಂಡಾಗ. ತಕರಾರು ವರ್ಗಾಸ್ ಹುಡುಗಿಯರ ಮೇಲೂ ಇತ್ತು. 1946ರಲ್ಲಿ ಸುಪ್ರೀಂ ಕೋರ್ಟ್ ಪತ್ರಿಕೆಯ ಪರ ತೀರ್ಪು ಕೊಟ್ಟಿತು. ಆ ಹುಡುಗಿಯರ ಬಳಿ ನೆಪಕ್ಕೂ ಕೋಣೆ ಇರಲಿಲ್ಲ ಅನ್ನುವುದನ್ನು ಗಮನಿಸಿ. ಕನ್ನಡಿ, ಗಾಳಿಗೆ ಹಾರುವ ಲಂಗ, ನಾಯಿಯ ಹಗ್ಗಕ್ಕೆ ಸಿಕ್ಕಿಕೊಂಡ ಕಾಲು, ಈ ನೆಪಗಳೆಲ್ಲ ಕ್ಯಾಲೆಂಡರ್ ಲೋಕದವು. ಅಲ್ಲಿ ಹೆದರಿಕೆ ಪೊಲೀಸರದಲ್ಲ, ಗಿರಾಕಿಯದು.

ಇವತ್ತಿನ ಮಿರರ್ ಸೆಲ್ಫಿ ಪಿನ್‌ಅಪ್‌ನ ಮುಂದುವರಿಕೆ ಅಲ್ವಾ?

ಭಂಗಿಯಲ್ಲಿ ಹೌದು, ಅಧಿಕಾರದಲ್ಲಿ ಅಲ್ಲ. ಪಿನ್‌ಅಪ್‌ನಲ್ಲಿ ಕನ್ನಡಿ ಎಲ್ಲಿಡಬೇಕು ಅಂತ ತೀರ್ಮಾನ ಮಾಡಿದವನು ಚಿತ್ರಕಾರ. ಸೆಲ್ಫಿಯಲ್ಲಿ ಕ್ಯಾಮೆರಾ ಅವಳ ಕೈಯಲ್ಲೇ ಇದೆ, ನಮಗೆ ಕಾಣುವುದನ್ನೆಲ್ಲ ಅವಳು ಮೊದಲೇ ಪರದೆಯಲ್ಲಿ ನೋಡಿ, ಬೇಡವಾದದ್ದನ್ನು ಅಳಿಸಿದ್ದಾಳೆ. ಕದ್ದು ನೋಡಿದ ನಾಟಕಕ್ಕೆ ಜಾಗವೇ ಇಲ್ಲ.

ಈ ದಾರಿಯಲ್ಲಿ ನಡುವೆ ಇಬ್ಬರು ಸಿಗುತ್ತಾರೆ. ಬನಿ ಯೇಗರ್ ಮೊದಲು ಪಿನ್‌ಅಪ್ ಮಾಡೆಲ್, ಆಮೇಲೆ ಬೆಟ್ಟಿ ಪೇಜ್‌ಳ ಫೋಟೋಗಳಿಂದ ಹೆಸರಾದ ಫೋಟೋಗ್ರಾಫರ್. ತನ್ನ ಫೋಟೋ ತಾನೇ ತೆಗೆದುಕೊಳ್ಳುವುದು ಹೇಗೆ ಅಂತ 1964ರಲ್ಲಿ ಒಂದು ಪುಸ್ತಕವನ್ನೇ ಬರೆದಳು. ಇನ್ನೊಬ್ಬಳು ಫೋಟೋ ಕಲಾವಿದೆ ಸಿಂಡಿ ಶೆರ್ಮನ್. 1977ರಲ್ಲಿ ಶುರು ಮಾಡಿದ ಕಪ್ಪು ಬಿಳುಪು ಸರಣಿಯ ಎರಡನೇ ಫೋಟೋದಲ್ಲಿ ಅವಳೇ ಟವೆಲ್ ಸುತ್ತಿಕೊಂಡು ಸ್ನಾನದ ಮನೆಯ ಕನ್ನಡಿಯಲ್ಲಿ ಮುಖ ನೋಡಿಕೊಳ್ಳುತ್ತಿದ್ದಾಳೆ, ನಾವು ಬಾಗಿಲಾಚೆಯಿಂದ ಇಣುಕಿದ ಹಾಗಿದೆ. ನೋಡಿದ ಕೂಡಲೇ ಪಿನ್‌ಅಪ್ ಅನಿಸುತ್ತದೆ. ನಿಲ್ಲಿಸಿದವಳೂ ನಿಂತವಳೂ ಒಬ್ಬಳೇ ಅಂತ ಗೊತ್ತಾದ ಮೇಲೆ ಇಣುಕಿದ್ದಕ್ಕೆ ನಮಗೇ ಮುಜುಗರ.

ಸೊರಯಾಮನ ಲೋಹದ ಹುಡುಗಿಯರ ಹಾಗೆ ಕ್ರೋಮ್ ಬಿಡಿಸೋದು ಹೇಗೆ?

ಜಪಾನಿನ ಹಾಜಿಮೆ ಸೊರಯಾಮ (ಜನನ 1947) 1978ರಲ್ಲಿ ಸನ್‌ಟೋರಿ ಕಂಪನಿಯ ಜಾಹೀರಾತಿಗೆ ಒಂದು ರೋಬೋ ಬಿಡಿಸಿದರು. ಅಲ್ಲಿಂದ ಹಳೆ ಪಿನ್‌ಅಪ್ ಭಂಗಿಗಳಲ್ಲಿ ಲೋಹದ ಹೆಣ್ಣುಗಳು ಶುರುವಾದವು. ಇಲ್ಲಿ ಕನ್ನಡಿ ಅವಳ ಮುಂದೆ ಇಲ್ಲ, ಅವಳ ಮೈಯೇ ಕನ್ನಡಿ. ಅವಳನ್ನು ನೋಡಲು ಹೋದರೆ ಸುತ್ತಲಿನ ಆಕಾಶ, ನೆಲ ಕಾಣುತ್ತದೆ.

ಕ್ರೋಮ್‌ಗೆ ಅಂತ ಬಣ್ಣ ಇಲ್ಲ, ಬೆಳ್ಳಿ ಬಣ್ಣದ ಟ್ಯೂಬ್ ಕೊಂಡು ದುಡ್ಡು ಕಳೆಯಬೇಡಿ. ಏರ್‌ಬ್ರಷ್ (ಗಾಳಿಯಿಂದ ಬಣ್ಣ ಸಿಂಪಡಿಸುವ ಸಾಧನ) ಕಲಾವಿದರ ಸಿದ್ಧ ಸೂತ್ರ ಹೀಗಿದೆ: ಮೇಲೆ ಗಾಢ ನೀಲಿ, ಕೆಳಗೆ ಬರುತ್ತಾ ತಿಳಿಯಾಗಿ ದಿಗಂತದ ಹತ್ತಿರ ಬೆಳ್ಳಗೆ. ಅಲ್ಲಿಗೆ ಥಟ್ಟನೆ ಗಾಢ ಕಂದು ಗೆರೆ. ಅದರ ಕೆಳಗೆ ಮರಳಿನ ಬಣ್ಣ. ಆ ಗೆರೆ ಹರಿತವಾಗಿರಬೇಕು, ಅದು ಮೆತ್ತಗಾದರೆ ಲೋಹ ಪ್ಲಾಸ್ಟಿಕ್ ಆಗುತ್ತದೆ. ಕಾಲು, ತೋಳಿನಂಥ ಕೊಳವೆ ಆಕಾರದಲ್ಲಿ ಇಡೀ ಕೋಣೆ ಸಪೂರ ಪಟ್ಟಿಗಳಾಗಿ ಉದ್ದಕ್ಕೆ ಹರಿಯುತ್ತದೆ. ಉಬ್ಬಿದ ಕಡೆ ಕೋಣೆ ನೆಟ್ಟಗೆ, ಸಣ್ಣದಾಗಿ ಕಾಣುತ್ತದೆ. ತಗ್ಗಾದ ಕಡೆ ತಲೆಕೆಳಗಾಗಬಹುದು, ಹಾಗಾಗಿ ಅಲ್ಲಿ ಕಂದು ಮೇಲೆ, ನೀಲಿ ಕೆಳಗೆ.

ಅಭ್ಯಾಸಕ್ಕೆ ಅಡುಗೆ ಮನೆಯಿಂದ ಒಂದು ಸ್ಟೀಲ್ ಚೊಂಬು, ಒಂದು ಸೌಟು ತನ್ನಿ. ಚೊಂಬಿನ ಹೊಟ್ಟೆಯ ಮೇಲೆ ಕಿಟಕಿ ಬಾಗಿ ಕಾಣುತ್ತದೆ, ಕತ್ತಿನ ಹತ್ತಿರ ಅದೇ ಕಿಟಕಿ ಹಿಸುಕಿ ಗೆರೆಯಾಗುತ್ತದೆ. ಸೌಟಿನ ಬೆನ್ನಲ್ಲಿ ನೀವು ನೆಟ್ಟಗಿರುತ್ತೀರಿ, ಹೊಟ್ಟೆಯಲ್ಲಿ ತಲೆಕೆಳಗು. ಮೊದಲು ಪೆನ್ಸಿಲ್‌ನಲ್ಲಿ ಕಪ್ಪು ಆಕಾರಗಳನ್ನಷ್ಟೇ ಬಿಡಿಸಿ. ಅವು ಸರಿಯಾದರೆ ಬಣ್ಣ ಹಾಕುವ ಮುಂಚೆಯೇ ಲೋಹ ಕಾಣಿಸತೊಡಗುತ್ತದೆ.